ಮುಳ್ಳಪ್ಪನವರ ಆತ್ಮಾವಲೋಕನ

ಮುಳ್ಳಪ್ಪನವರಿಗೆ ಹೆತ್ತವರು ಇಟ್ಟ ಹೆಸರು ಬೇರೆ. ಅದು ಲೈಸೆನ್ಸಿನಲ್ಲಿ ಮಾತ್ರ ಇದೆ, ಅಲ್ಲೇ ಇರಲಿ. ತಕ್ಕಡಿಯ ಮುಳ್ಳು ಭಾರ ಇರುವ ಕಡೆಗೆ ವಾಲುವಂತೆ, ಯಾರ ದನಿ ಜೋರೋ ಅವರ ಕಡೆಗೆ ವಾಲುವುದು ಅವರ ಹುಟ್ಟುಗುಣ. ಅದನ್ನು ನೋಡಿ ಬೀದಿಯವರು ಈ ಹೆಸರಿಟ್ಟಿದ್ದರು. ಅವರ ಅಂಗಡಿಯೂ ತಕ್ಕಡಿಗಳದ್ದೇ ಆದ್ದರಿಂದ ಅವರು ಮಾತ್ರ ಅದನ್ನು ತಮ್ಮ ವೃತ್ತಿಗೆ ಸಂದ ಬಿರುದು ಎಂದು ತಿಳಿದು ನಕ್ಕು ಸುಮ್ಮನಾಗಿದ್ದರು.

ಅಂಗಡಿಯಲ್ಲಿ ಎರಡು ಭಾಗ. ಮುಂದೆ ಗಾಜಿನ ಕೌಂಟರು, ತಿರುಗುವ ಕುರ್ಚಿ, ಕುರ್ಚಿಯಲ್ಲಿ ಮಾಲೀಕರು. ಹಲಗೆಯ ಅಡ್ಡಗೋಡೆಯಾಚೆ ಒಂದು ಮೋಟು ಮೇಜು, ಒಂದು ದೀಪ, ಹದಿನಾರು ಬಗೆಯ ಸ್ಕ್ರೂಡ್ರೈವರು ಮತ್ತು ಅಕ್ಕ. ಅಕ್ಕ ಅವರಿಗಿಂತ ಆರು ವರ್ಷ ದೊಡ್ಡವಳು. ಅಪ್ಪ ಇದ್ದಾಗ ಇಬ್ಬರಿಗೂ ಕೆಲಸ ಕಲಿಸಲು ಕೂರಿಸಿದ್ದರು. ಮುಳ್ಳಪ್ಪನವರು ಮೂರನೆಯ ದಿನ ತಲೆನೋವೆಂದು ಎದ್ದು ಹೋದವರು ಮುಂದಿನ ಕೋಣೆಯಲ್ಲೇ ನೆಲೆಯಾದರು. ಅಂದಿನಿಂದ ಇಂದಿನವರೆಗೆ ಆ ಬೀದಿಯ, ಆಚೆ ಬೀದಿಯ, ಮಾರುಕಟ್ಟೆಯ ಎಲ್ಲ ತಕ್ಕಡಿಗಳ ಹೊಟ್ಟೆ ಬಿಚ್ಚಿ, ಗ್ರಾಮಿಗೆ ಗ್ರಾಮು ಸರಿಮಾಡಿ ಕಳಿಸಿದವಳು ಅಕ್ಕ. ರಸೀತಿಯ ಮೇಲೆ ಸಹಿ ಹಾಕಿದವರು ಮುಳ್ಳಪ್ಪನವರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಈ ಅಂಗಡಿಯಲ್ಲಿ ಕೆಸರಿನ ಕೈ ಒಬ್ಬರದು, ಮೊಸರಿನ ಬಾಯಿ ಇನ್ನೊಬ್ಬರದು. ವ್ಯವಸ್ಥೆ ಎಷ್ಟು ಹಳೆಯದಾಗಿತ್ತೆಂದರೆ ಅದು ವ್ಯವಸ್ಥೆ ಎಂಬುದೇ ಯಾರಿಗೂ ಹೊಳೆದಿರಲಿಲ್ಲ.

ಎಲ್ಲವೂ ಹಾಗೇ ಸುಖವಾಗಿ ನಡೆಯುತ್ತಿತ್ತು. ಆದರೆ ಪಕ್ಕದ ಬಣ್ಣದ ಅಂಗಡಿಯವರು ಒಂದು ಭಾನುವಾರ ‘ಉದ್ಯಮಿಯ ಅಂತರಂಗ’ ಎಂಬ ಶಿಬಿರಕ್ಕೆ ಹೋಗಿ ಬಂದರು. ಸೋಮವಾರ ಎದೆಯ ಮೇಲೆ ಬಿಲ್ಲೆ, ಮುಖದ ಮೇಲೆ ಮಂದಹಾಸ.

“ಏನ್ರೀ, ಹುಷಾರಿಲ್ವಾ?” ಎಂದು ಕೇಳಿದರು ಮುಳ್ಳಪ್ಪನವರು.

“ನನ್ನನ್ನ ನಾನು ಕಂಡುಕೊಂಡೆ ಮಾರಾಯರೇ. ಇಷ್ಟು ದಿನ ಗೋಡೆಗೆ ಬಣ್ಣ ಮಾರ್ತಿದ್ದೆ. ಒಳಗಿನ ಗೋಡೆ ನೋಡ್ಕೊಂಡೇ ಇರಲಿಲ್ಲ.”

ಮುಳ್ಳಪ್ಪನವರಿಗೆ ಅಂದು ಊಟ ಸೇರಲಿಲ್ಲ. ಬಣ್ಣದ ಡಬ್ಬಿ ಮಾರುವವನಿಗೆ ಅಂತರಂಗ ಇರಬಹುದು, ಇಡೀ ಮಾರುಕಟ್ಟೆಯ ನ್ಯಾಯ ನಿಂತಿರುವುದೇ ತನ್ನ ಮೇಲೆ ಎಂದುಕೊಂಡವರಿಗೆ ಇರಬಾರದೇ? ಮುಂದಿನ ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಟೆಲೊಂದರ ತಣ್ಣನೆಯ ಸಭಾಂಗಣದಲ್ಲಿ ಮೊದಲನೆಯ ಸಾಲಿನಲ್ಲೇ ಕುಳಿತರು. ಕೆನ್ನೆಗೆ ಮೈಕು ಅಂಟಿಸಿಕೊಂಡ ತರಬೇತುದಾರರು ಸಂಜೆಯವರೆಗೆ ಹೇಳಿದ್ದರಲ್ಲಿ ಅವರಿಗೆ ನೆನಪುಳಿದದ್ದು ಇಷ್ಟು: ದಿನಾ ಬೆಳಿಗ್ಗೆ ಮೂರು ವಸ್ತುಗಳಿಗೆ ಕೃತಜ್ಞತೆ ಹೇಳಬೇಕು, ದಿನಾ ಸಂಜೆ ತನ್ನದೊಂದು ತಪ್ಪು ಬರೆಯಬೇಕು. ಹತ್ತನೆಯ ದಿನ ವ್ಯವಹಾರಕ್ಕೆ ಸಂಬಂಧಪಟ್ಟ ಎಲ್ಲರಿಗೂ ಕೃತಜ್ಞತೆ, ಕ್ಷಮಾಪಣೆ ಎರಡೂ ಸೇರಿದ ಪತ್ರ ಕಳಿಸಬೇಕು. ಇಷ್ಟೆಲ್ಲ ಆದ ಮೇಲೆ ಯಾರಾದರೂ ಬಂದು ‘ನೀನು ತಪ್ಪು ಮಾಡಿದ್ದೀಯ’ ಎಂದರೆ ಖಂಡಿತ ವಾದಿಸಬಾರದು. ಎದೆಯ ಮೇಲೆ ಕೈಯಿಟ್ಟು ಒಪ್ಪಿಕೊಳ್ಳಬೇಕು.

ವಾದಿಸದೆ ಒಪ್ಪಿಕೊಳ್ಳುವುದಕ್ಕೆ ಮುಳ್ಳಪ್ಪನವರಿಗೆ ತರಬೇತಿಯೇ ಬೇಕಿರಲಿಲ್ಲ. ಆದರೂ ಬಿಲ್ಲೆ ತೆಗೆದುಕೊಂಡು ಬಂದರು.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದವರೇ ಕೈಕಟ್ಟಿ ನಿಂತು ಗಟ್ಟಿಯಾಗಿ ಶುರು ಮಾಡಿದರು. “ಓ ಕುರ್ಚಿಯೇ, ನಿನಗೆ ನಾನು ಕೃತಜ್ಞ. ಓ ಬೋರ್ಡೇ, ನಿನಗೆ ನಾನು ಕೃತಜ್ಞ. ಓ ಫ್ಯಾನೇ...”

“ಫ್ಯಾನು ಕೆಟ್ಟು ನಾಲ್ಕು ದಿನ ಆಯ್ತು,” ಎಂದಿತು ಒಳಗಿನಿಂದ ಅಕ್ಕನ ದನಿ. “ಉಪಕಾರ ಸ್ಮರಣೆ ಆಮೇಲೆ ಮಾಡು, ಮೊದಲು ರಿಪೇರಿಯವನನ್ನ ಕರಿ.”

ಮುಳ್ಳಪ್ಪನವರು ಮುಗುಳ್ನಕ್ಕರು. ಅಂತರಂಗ ಇಲ್ಲದವರ ಮೇಲೆ ಸಿಟ್ಟಾಗಬಾರದು ಎಂಬುದೂ ಶಿಬಿರದ ಪಾಠವೇ.

ಹತ್ತು ದಿನಗಳಲ್ಲಿ ಅವರು ಮೂವತ್ತಕ್ಕೆ ಕೃತಜ್ಞತೆ ಹೇಳಿದರು. ಬೀಗ, ಬೀದಿ ದೀಪದ ಕಂಬ, ಗಲ್ಲದ ಮೇಲಿನ ಮಚ್ಚೆ, ಎದುರು ಮಹಡಿಯ ನೆರಳು ಎಲ್ಲಕ್ಕೂ ಸಂದಿತು. ಸಂಜೆಯ ತಪ್ಪುಗಳ ಪಟ್ಟಿಯಂತೂ ಇನ್ನೂ ನಿರ್ದಾಕ್ಷಿಣ್ಯವಾಗಿತ್ತು. ಮೊದಲನೆಯ ದಿನ: ‘ಅತಿಯಾದ ಒಳ್ಳೆಯತನ.’ ಎರಡನೆಯ ದಿನ: ‘ಎಲ್ಲರನ್ನೂ ನನ್ನಂತೆಯೇ ಎಂದು ನಂಬುವುದು.’ ಮೂರನೆಯ ದಿನ: ‘ಬೇರೆಯವರಿಗಾಗಿ ದುಡಿದು ನನ್ನ ಬಗ್ಗೆ ಯೋಚಿಸದೇ ಇರುವುದು.’ ಮನುಷ್ಯ ತನ್ನ ಮೇಲೆ ಇಷ್ಟು ಕಠೋರನಾಗಬಹುದೇ ಎಂದು ಓದಿಕೊಂಡಾಗ ಅವರ ಕಣ್ಣೇ ತೇವವಾಗುತ್ತಿತ್ತು.

ಮನೆಯಲ್ಲಿ ಹೆಂಡತಿಗೆ “ನೀನು ಇರೋದಕ್ಕೆ ನಾನು ಕೃತಜ್ಞ” ಎಂದಾಗ ಆಕೆ ಒಗೆದ ಬಟ್ಟೆಯ ಬುಟ್ಟಿಯನ್ನು ಕೆಳಗಿಟ್ಟು ಅವರನ್ನೇ ದಿಟ್ಟಿಸಿದಳು. “ಏನು ಕಳ್ಕೊಂಡು ಬಂದ್ರಿ? ಸುಮ್ಮನೆ ಹೇಳಿಬಿಡಿ, ಬೈಯಲ್ಲ.”

ಹತ್ತನೆಯ ದಿನ ಪತ್ರ. ಮೂರು ಸಲ ಬರೆದು, ಹರಿದು, ನಾಲ್ಕನೆಯದನ್ನು ಮುದ್ರಣಾಲಯಕ್ಕೆ ಕೊಟ್ಟರು. ಅದರ ಒಕ್ಕಣೆ ಹೀಗಿತ್ತು:

‘ಮಾನ್ಯರೇ, ಇಷ್ಟು ವರ್ಷ ನಮ್ಮ ತಕ್ಕಡಿಗಳ ಮೇಲೆ ನೀವು ಇಟ್ಟ ನಂಬಿಕೆಗೆ ಕೃತಜ್ಞತೆಗಳು. ನನ್ನನ್ನು ನಾನೇ ಪರೀಕ್ಷಿಸಿಕೊಂಡಾಗ, ತಿಳಿದೋ ತಿಳಿಯದೆಯೋ ನನ್ನಿಂದ ಅನೇಕ ತಪ್ಪುಗಳು ಆಗಿರುವುದು ಕಂಡುಬಂದಿದೆ. ಅವುಗಳಿಂದ ನಿಮಗೆ ಆಗಿರಬಹುದಾದ ನಷ್ಟಕ್ಕೆ ತಲೆಬಾಗಿ ಕ್ಷಮೆ ಕೇಳುತ್ತೇನೆ. ಇನ್ನು ಮುಂದೆ ಎಲ್ಲವೂ ಸರಿಯಾಗಿರುತ್ತದೆ ಎಂದು ಭರವಸೆ ಕೊಡುತ್ತೇನೆ.’

ಕೆಳಗೆ ಲೈಸೆನ್ಸ್ ನಂಬರು. ಮೇಲೆ ಅಂದವಾದ ತಕ್ಕಡಿಯ ಚಿತ್ರ. ಒಟ್ಟು ಇನ್ನೂರ ಹನ್ನೆರಡು ಪ್ರತಿ. ಗಿರಾಕಿಗಳ ರಿಜಿಸ್ಟರಿನಲ್ಲಿದ್ದ ಒಬ್ಬರನ್ನೂ ಬಿಡದೆ ವಿಳಾಸ ಬರೆದರು. ತೂಕ ಮತ್ತು ಅಳತೆಯ ಸರ್ಕಾರಿ ಕಚೇರಿಗೂ ಒಂದು ಹೋಗಲಿ, ಲೈಸೆನ್ಸ್ ನವೀಕರಣ ಬೇರೆ ಹತ್ತಿರ ಬಂತು, ಸಾಹೇಬರಿಗೂ ಸಂತೋಷವಾಗಲಿ ಎಂದು ಅದನ್ನೂ ಸೇರಿಸಿದರು. ಪತ್ರಗಳನ್ನು ಮಡಿಚಿ ಕವರಿನೊಳಗೆ ತೂರಿಸಿ, ಅಂಟು ಹಚ್ಚಲು ಅಕ್ಕನ ಮೇಜಿನ ಮೇಲೆ ಸುರಿದರು.

“ಏನಿದು?” ಎಂದಳು ಅಕ್ಕ.

“ನಿನಗೆ ಅರ್ಥ ಆಗಲ್ಲ ಬಿಡು. ಇದು ಮಾಲೀಕರಾದವರ ಅಂತರಂಗದ ವಿಷಯ.”

ಅಕ್ಕ ತೋರುಬೆರಳಲ್ಲಿ ಅಂಟು ತೆಗೆದು ಇನ್ನೂರ ಹನ್ನೆರಡು ಕವರುಗಳನ್ನೂ ಮುಚ್ಚಿದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ ಗಾದೆಯಲ್ಲಿ ಕಳ್ಳ ಎಂದು ಕೂಗುವುದಕ್ಕಾದರೂ ಒಬ್ಬನಿದ್ದ. ಇಲ್ಲಿ ಯಾರೂ ಕೂಗಿರಲಿಲ್ಲ, ಕುಂಬಳಕಾಯಿಯೂ ಕಳುವಾಗಿರಲಿಲ್ಲ. ನಮ್ಮವರು ತಾವಾಗಿಯೇ ಹೆಗಲು ಮುಟ್ಟಿಕೊಂಡು, ಅದನ್ನು ಅಚ್ಚು ಹಾಕಿಸಿ, ಅಂಚೆಗೆ ಹಾಕಿದ್ದರು.

ಎರಡನೆಯ ದಿನ ಬೆಳಿಗ್ಗೆ ಮೊದಲು ಬಂದವಳು ತರಕಾರಿ ಗಾಡಿಯ ಯಜಮಾನತಿ. ಸೊಂಟದ ಮೇಲೆ ತಕ್ಕಡಿ, ಕೈಯಲ್ಲಿ ಪತ್ರ. ಧನ್ಯವಾದ ಹೇಳಲು ಬಂದಿದ್ದಾಳೆಂದು ಮುಳ್ಳಪ್ಪನವರು ಎದ್ದು ನಿಂತರು.

“ಅಣ್ಣಾ, ಎಷ್ಟು ವರ್ಷದಿಂದ?” ಎಂದಳು ಆಕೆ.

“ಏನಮ್ಮಾ?”

“ತಪ್ಪು! ಎಷ್ಟು ವರ್ಷದಿಂದ ನಡೀತಿದೆ?”

ಮುಳ್ಳಪ್ಪನವರು ಎದೆಯ ಮೇಲೆ ಕೈಯಿಟ್ಟರು. “ಹುಟ್ಟಿದಾಗಿನಿಂದ ಅಂತ ಹೇಳಬೇಕಮ್ಮಾ.”

“ಅಯ್ಯೋ ನನ್ನ ಗ್ರಹಚಾರವೇ!” ಎಂದು ತಕ್ಕಡಿಯನ್ನು ಕೌಂಟರಿನ ಮೇಲೆ ಕುಕ್ಕಿದಳು. “ಹಾಗಾದ್ರೆ ನಾನು ಇಷ್ಟು ದಿನ ಒಂದು ಕೇಜಿ ಅಂತ ಎಷ್ಟು ಕೊಟ್ಟೆ? ಜಾಸ್ತಿನೇ ಕೊಟ್ಟಿರಬೇಕು. ಅದಕ್ಕೇ ಟೊಮ್ಯಾಟೊ ಬೇಗ ಖಾಲಿ ಆಗ್ತಿತ್ತು! ಎಷ್ಟು ಗ್ರಾಂ ವ್ಯತ್ಯಾಸ? ಹೇಳಣ್ಣ!”

“ತಪ್ಪಿಗೆ ಅಳತೆ ಇಲ್ಲಮ್ಮಾ,” ಎಂದರು ಮುಳ್ಳಪ್ಪನವರು ಕಣ್ಣು ಮುಚ್ಚಿ.

ತಕ್ಕಡಿ ಅಂಗಡಿಯವನು ತನ್ನ ಗಿರಾಕಿಗೆ ಹೇಳಬಾರದ ಮಾತು ಪ್ರಪಂಚದಲ್ಲಿ ಒಂದೇ ಒಂದು ಇದ್ದರೆ ಅದು ಇದೇ. ಆಕೆ ಹೊರಗೆ ಹೋಗಿ ಬೀದಿಯ ಮಧ್ಯೆ ನಿಂತು ಅದನ್ನು ಇನ್ನೂ ಸ್ವಲ್ಪ ಉಪ್ಪು ಖಾರ ಹಚ್ಚಿ ಸಾರಿದಳು. ಹನ್ನೊಂದು ಗಂಟೆಯ ಹೊತ್ತಿಗೆ ಅಂಗಡಿಯ ಮುಂದೆ ಸಾಲು ನಿಂತಿತ್ತು. ಸಕ್ಕರೆ ವ್ಯಾಪಾರಿ, ಕಬ್ಬಿಣದ ಅಂಗಡಿಯವರು, ಮಕ್ಕಳ ಆಸ್ಪತ್ರೆಯ ನರ್ಸು, ಎಲ್ಲರ ಕಂಕುಳಲ್ಲೂ ಒಂದೊಂದು ತಕ್ಕಡಿ. ಅಂಗಡಿಯವರೆಲ್ಲ ‘ನಾವು ಜಾಸ್ತಿ ಕೊಟ್ಟು ಮುಳುಗಿದೆವು’ ಎಂದರು. ಅವರ ಹಿಂದೆಯೇ ಬಂದ ಗಿರಾಕಿಗಳೆಲ್ಲ ‘ನಾವು ಕಡಿಮೆ ತಗೊಂಡು ಮುಳುಗಿದೆವು’ ಎಂದರು. ಒಂದೇ ತಕ್ಕಡಿ ಕೊಟ್ಟವನಿಗೂ ತೆಗೆದುಕೊಂಡವನಿಗೂ ಒಟ್ಟಿಗೆ ಹೇಗೆ ಮೋಸ ಮಾಡುತ್ತದೆ ಎಂದು ಅಲ್ಲಿ ಒಬ್ಬರೂ ಕೇಳಲಿಲ್ಲ. ನಷ್ಟವಾಗಿದೆ ಎಂದು ಅಚ್ಚಾದ ಪತ್ರವೇ ಕೈಯಲ್ಲಿರುವಾಗ ಲೆಕ್ಕ ಯಾರಿಗೆ ಬೇಕು?

ಮುಳ್ಳಪ್ಪನವರು ಎಲ್ಲರಿಗೂ ಹೌದೆಂದರು. ಜಾಸ್ತಿ ಎಂದವರಿಗೆ ಜಾಸ್ತಿ, ಕಡಿಮೆ ಎಂದವರಿಗೆ ಕಡಿಮೆ. ಹಳೇ ಪೇಪರ್ ಅಂಗಡಿಯವನು ಮುಷ್ಟಿ ಬಿಗಿಹಿಡಿದು, “ನಿಮ್ಮಿಂದ ನನ್ನ ಮರ್ಯಾದೆ ಹೋಯ್ತು ಸಾರ್! ನಮ್ಮ ಅಂಗಡಿ ಮುಂದೆ ಹೆಂಗಸರು ಜಗಳಕ್ಕೆ ನಿಂತಿದ್ದಾರೆ. ರದ್ದಿ ತೂಕದಲ್ಲಿ ಕಡಿಮೆ ತೋರ್ಸಿದ್ದು ನಿಮ್ಮ ಮೆಷಿನ್ನಂತೆ!” ಎಂದಾಗಲೂ, “ಹೌದಪ್ಪಾ, ನಿನಗಾದ ನೋವು ನನ್ನದೇ” ಎಂದರು. ಆತ ಅದನ್ನೊಂದು ಕಾಗದದ ಮೇಲೆ ಬರೆಸಿಕೊಂಡು ಹೋದ.

ಕೊನೆಗೆ ಬಂದವರು ಹೆಂಡತಿಯ ಚಿಕ್ಕಮ್ಮ. ಆರು ತಿಂಗಳ ಹಿಂದೆ ಮೈ ಇಳಿಸುತ್ತೇನೆಂದು ಹಟ ತೊಟ್ಟಾಗ ನಿಂತು ತೂಕ ನೋಡುವ ಯಂತ್ರವನ್ನು ಮುಳ್ಳಪ್ಪನವರೇ ಉಡುಗೊರೆ ಕೊಟ್ಟಿದ್ದರು. ಆರು ತಿಂಗಳಲ್ಲಿ ನಾಲ್ಕು ಕೇಜಿ ಇಳಿದದ್ದನ್ನು ಚಿಕ್ಕಮ್ಮ ಇಡೀ ಬಳಗಕ್ಕೆ ಫೋನ್ ಮಾಡಿ ತಿಳಿಸಿದ್ದರು.

“ಅಳಿಯಂದಿರೇ, ಒಂದೇ ಮಾತು ಕೇಳ್ತೀನಿ,” ಎಂದರು ಚಿಕ್ಕಮ್ಮ ಕುರ್ಚಿಯಲ್ಲಿ ಕೂತು, ದುಃಖ ತಡೆದುಕೊಂಡು. “ಆರು ತಿಂಗಳಿಂದ ನಾನು ಸಂಜೆ ಬಿಸ್ಕತ್ತು ಮುಟ್ಟಿಲ್ಲ. ಆ ನಾಲ್ಕು ಕೇಜಿ ನನ್ನದೋ, ನಿಮ್ಮ ತಪ್ಪಿನದೋ?”

“ಎಲ್ಲಾ ತಪ್ಪೂ ನನ್ನದೇ ಚಿಕ್ಕಮ್ಮಾ.”

ಚಿಕ್ಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಎದುರಿನ ಬೇಕರಿಗೆ ಹೋಗಿ ಒಂದು ಪೊಟ್ಟಣ ಬಿಸ್ಕತ್ತು ತಂದು ಅಳಿಯನ ಮುಂದೆಯೇ ಒಂದೊಂದಾಗಿ ತಿಂದು ಮುಗಿಸಿ, ಯಂತ್ರವನ್ನು ಅಲ್ಲೇ ಬಿಟ್ಟು ಹೋದರು.

ಸಂಜೆಯ ಹೊತ್ತಿಗೆ ಅಡ್ಡಗೋಡೆಯ ತನಕ ತಕ್ಕಡಿಗಳ ರಾಶಿ ಬೆಳೆದಿತ್ತು. ಅಕ್ಕ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಕೌಂಟರಿನ ಮೇಲೆ ಬಿದ್ದಿದ್ದ ಒಂದು ಪತ್ರ ತೆಗೆದು ಓದಿದಳು. ಇನ್ನೊಮ್ಮೆ ಓದಿದಳು.

“ಇದಕ್ಕಾ ನಾನು ಅಂಟು ಹಚ್ಚಿದ್ದು?”

“ಅದು ಆತ್ಮಾವಲೋಕನ ಅಕ್ಕಾ. ಜನಕ್ಕೆ ಗೊತ್ತಾಗ್ತಿಲ್ಲ ಅಷ್ಟೇ.”

“ಅವಲೋಕನ ನಿನ್ನದು. ತಪ್ಪು ಯಾರದ್ದು ಅಂತ ಬರೆದಿದ್ದೀಯ? ಈ ಮೆಷಿನ್ನೆಲ್ಲ ಯಾರು ಬಿಚ್ಚಿದ್ದು? ಯಾರ ಕೆಲಸ ಕೆಟ್ಟದ್ದು ಅಂತ ಊರಿಗೆಲ್ಲ ಕಾಗದ ಹಾಕಿದ್ದೀಯ ನೀನು?”

ಮುಳ್ಳಪ್ಪನವರು ಅಭ್ಯಾಸಬಲದಿಂದ ಎದೆಯ ಮೇಲೆ ಕೈಯಿಟ್ಟರು. ಅಕ್ಕ ಅದನ್ನು ನೋಡಲು ನಿಲ್ಲಲಿಲ್ಲ. ಒಳಗೆ ಹೋಗಿ ಹಲಗೆಯ ಬಾಗಿಲು ಎಳೆದುಕೊಂಡಳು. ಒಳಗಿನಿಂದ ಸ್ಕ್ರೂಡ್ರೈವರಿನ ಸದ್ದು ಕೇಳಲಿಲ್ಲ.

ಮೂರನೆಯ ದಿನ ಸರ್ಕಾರ ಬಂತು.

ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರ್ ಸಾಹೇಬರು ತೆಳ್ಳಗೆ, ನೆಟ್ಟಗೆ, ಮಾತಿಗೆ ಮೊದಲು ಕನ್ನಡಕ ಒರೆಸುವ ಮನುಷ್ಯ. ಪತ್ರವನ್ನು ಫೈಲಿನಲ್ಲಿ ಹಾಕಿ, ದಾರ ಕಟ್ಟಿ, ನಂಬರು ಕೊಟ್ಟೇ ತಂದಿದ್ದರು.

“ನನ್ನ ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ,” ಎಂದರು, “ಹಿಡಿದ ಮೇಲೂ ಒಪ್ಪಿಕೊಂಡವರನ್ನ ನಾನು ನೋಡಿಲ್ಲ. ನೀವು ಹಿಡಿಯೋಕೆ ಮುಂಚೆ ಒಪ್ಪಿಕೊಂಡಿದ್ದೀರಿ. ಇದಕ್ಕೆ ಯಾವ ಫಾರಂ ತುಂಬಬೇಕು ಅಂತ ಕಚೇರಿಯಲ್ಲಿ ನಿನ್ನೆ ಇಡೀ ದಿನ ಚರ್ಚೆ ಆಯ್ತು.”

“ಸಾಹೇಬರೇ, ಅದು ಅಂತರಂಗದ...”

“ಅಂತರಂಗ ನಮ್ಮ ವ್ಯಾಪ್ತಿಗೆ ಬರಲ್ಲ. ತಕ್ಕಡಿ ಬರುತ್ತೆ.” ಅವರು ಕನ್ನಡಕ ಒರೆಸಿದರು. “ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಇಲ್ಲೇ, ಎಲ್ಲರೆದುರು ಪರೀಕ್ಷೆ. ಮೆಷಿನ್ನುಗಳಲ್ಲಿ ತಪ್ಪು ಸಿಕ್ಕಿದರೆ ಲೈಸೆನ್ಸ್ ರದ್ದು. ಸಿಗಲಿಲ್ಲ ಅಂದರೆ, ನವೀಕರಣಕ್ಕೆ ಮುಂಚೆ ಇನ್ನೊಂದು ನಿಯಮ ಇದೆ. ಇಷ್ಟು ವರ್ಷ ಯಾರೂ ನೋಡಿರಲಿಲ್ಲ, ನಿಮ್ಮ ಪತ್ರದ ದೆಸೆಯಿಂದ ಪುಸ್ತಕ ತೆಗೆದಾಗ ಸಿಕ್ತು. ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಅವರೇ ನನ್ನ ಮುಂದೆ ಒಂದು ತಕ್ಕಡಿ ಬಿಚ್ಚಿ ಸರಿಮಾಡಿ ತೋರಿಸಬೇಕು. ಇಲ್ಲದಿದ್ದರೂ ಲೈಸೆನ್ಸ್ ರದ್ದು.”

ಇರಲಾರದೆ ಇರುವೆ ಬಿಟ್ಟುಕೊಂಡವನಿಗೆ ಇರುವೆಯ ಜೊತೆ ಚೇಳೂ ಬಂದಂತಾಯಿತು. ಅಪ್ಪ ಕಟ್ಟಿದ ಅಂಗಡಿ, ಮನೆಯ ಒಲೆ ಉರಿಯುವುದು ಅದರಿಂದಲೇ, ಮತ್ತು ಅದು ನಿಲ್ಲಬೇಕೋ ಬೇಡವೋ ಎಂಬುದು ಈಗ ಮುಳ್ಳಪ್ಪನವರ ಹತ್ತು ಬೆರಳುಗಳ ಮೇಲೆ ನಿಂತಿತ್ತು. ಆ ಬೆರಳುಗಳಿಗೆ ತಿಳಿದಿದ್ದ ವಿದ್ಯೆಗಳು ಎರಡು, ಸಹಿ ಹಾಕುವುದು ಮತ್ತು ಎದೆ ಮುಟ್ಟಿಕೊಳ್ಳುವುದು. ಅವರಿಗೆ ನಿಜಕ್ಕೂ ಭಯವಾಯಿತು. ಶಿಬಿರದ ತರಬೇತುದಾರರಿಗೆ ಫೋನ್ ಮಾಡಿದರು.

“ಅದ್ಭುತ!” ಎಂದರು ತರಬೇತುದಾರರು. “ಈ ಸಂಕಟಕ್ಕೂ ಕೃತಜ್ಞರಾಗಿರಿ. ಎರಡನೇ ಹಂತದ ಶಿಬಿರ ಮುಂದಿನ ತಿಂಗಳು ಇದೆ, ಹೆಸರು ಬರ್ಕೊಳ್ಳಲಾ?”

ಮುಳ್ಳಪ್ಪನವರು ಫೋನ್ ಇಟ್ಟರು. ಪಕ್ಕದ ಬಣ್ಣದ ಅಂಗಡಿಯವರನ್ನು ಕೇಳೋಣವೆಂದರೆ ಅವರು ಬೆಳಿಗ್ಗೆಯೇ ಬಿಲ್ಲೆ ಕಿತ್ತು ಡ್ರಾಯರಿಗೆ ಹಾಕಿದ್ದರು. “ನಾನು ಪತ್ರ ಗಿತ್ರ ಏನೂ ಬರೆದಿಲ್ಲಪ್ಪ,” ಎಂದರು ಅವರು. “ನಾನು ಬರೀ ಮಂದಹಾಸದವರೆಗೆ ಹೋಗಿದ್ದೆ.”

ಉಳಿದದ್ದು ಹಲಗೆಯ ಬಾಗಿಲು. ಅದನ್ನು ತಟ್ಟಿದರು.

“ಅಕ್ಕಾ, ಎರಡು ದಿನದಲ್ಲಿ ಕೆಲಸ ಕಲಿಸ್ತೀಯಾ?”

“ನಾನು ಕಲಿಯೋಕೆ ಹನ್ನೊಂದು ವರ್ಷ ತಗೊಂಡೆ,” ಎಂದಳು ಅಕ್ಕ. ಆದರೂ ಬಾಗಿಲು ತೆಗೆದಳು. ಅಂಗಡಿ ತಮ್ಮನದಾದರೂ ಅಪ್ಪನ ಬೋರ್ಡು ಅವಳ ಅಪ್ಪನದೂ ಹೌದಲ್ಲ.

ಆ ಎರಡು ದಿನಗಳ ವಿದ್ಯಾಭ್ಯಾಸದ ವಿವರ ಬೇಡ. ಮಾದರಿ ತೂಕದ ಬಟ್ಟುಗಳನ್ನು ಬೆರಳಲ್ಲಿ ಮುಟ್ಟಬಾರದು, ಬೆವರು ಅಂಟಿದರೂ ತೂಕ ಏರುತ್ತದೆ, ಇಕ್ಕಳದಲ್ಲೇ ಹಿಡಿಯಬೇಕು ಎಂದು ಅಕ್ಕ ಹದಿನಾಲ್ಕು ಸಲ ಹೇಳಿದಳು. ಮುಳ್ಳಪ್ಪನವರು ಹದಿನೈದನೆಯ ಸಲ ಬಟ್ಟನ್ನು ಬೆರಳಲ್ಲೇ ಎತ್ತಿ, ಉಫ್ ಎಂದು ಊದಿ, ಅಂಗಿಗೆ ಒರೆಸಿದರು. ತಟ್ಟೆಯ ನಾಲ್ಕು ಮೂಲೆಯಲ್ಲೂ ಒಂದೇ ಬಟ್ಟು ಇಟ್ಟು ನೋಡು ಎಂದರೆ, ನಾಲ್ಕು ಮೂಲೆಯಲ್ಲೂ ನಾಲ್ಕು ಇಟ್ಟರು. ಇಕ್ಕಳದಿಂದ ಗೆಣ್ಣಿಗೆ ಬಿದ್ದ ಪೆಟ್ಟುಗಳ ಗುರುತು ಶುಕ್ರವಾರದವರೆಗೂ ಹೋಗಿರಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಅರ್ಧ ಊರು ಅಂಗಡಿಯ ಮುಂದಿತ್ತು. ತೊಂಬತ್ತಾರು ತಕ್ಕಡಿಗಳು ರಸ್ತೆಯಂಚಿನವರೆಗೆ ಸಾಲಾಗಿ ಕುಳಿತಿದ್ದವು. ಸಾಹೇಬರು ಅವುಗಳಲ್ಲಿ ಹದಿನಾರನ್ನು ತಾವೇ ಆರಿಸಿದರು. ಒಂದೊಂದರ ಮೇಲೂ ಸರ್ಕಾರಿ ಬಟ್ಟು ಇಟ್ಟು, ಬಗ್ಗಿ ನೋಡಿ, ಬರೆದುಕೊಂಡರು.

“ಸರಿ ಇದೆ.”

ಮುಂದಿನದು. “ಸರಿ ಇದೆ.”

ತರಕಾರಿ ಗಾಡಿಯದು ಬಂತು. “ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.”

“ಇನ್ನೊಂದು ಸಲ ನೋಡಿ ಸಾರ್,” ಎಂದಳು ಯಜಮಾನತಿ. “ಜಾಸ್ತಿ ಕೊಟ್ಟಿರಲೇಬೇಕು ನಾನು. ಬೀದಿಗೆಲ್ಲ ಹೇಳಿಬಿಟ್ಟಿದ್ದೀನಿ.”

ಹಳೇ ಪೇಪರ್ ಅಂಗಡಿಯದು ಮೊದಲು ಕಡಿಮೆ ತೋರಿಸಿತು. ಸಾಹೇಬರು ತಟ್ಟೆ ಎತ್ತಿದಾಗ ಕೆಳಗಿನಿಂದ ಬಿಗಿಯಾಗಿ ಸುತ್ತಿದ ಬಟ್ಟೆಯ ಉಂಡೆಯೊಂದು ಉರುಳಿತು. ತಟ್ಟೆ ಪೂರ್ತಿ ಕೆಳಗಿಳಿಯದಂತೆ ಅದನ್ನು ನಾಜೂಕಾಗಿ ತುರುಕಿ ಇಟ್ಟಿದ್ದರು. ಅದಿಲ್ಲದೆ ಬಟ್ಟು ಇಟ್ಟು ನೋಡಿದರೆ ತಕ್ಕಡಿ ಸರಿಯಾಗಿಯೇ ಇತ್ತು.

“ಇದೇನು?”

“ಇರುವೆ ನುಗ್ಗಬಾರದು ಅಂತ ಸಾರ್,” ಎಂದ ಆತ. ಹಿಂದೆ ನಿಂತಿದ್ದ ಹೆಂಗಸರು ಇರುವೆಗಳಂತೆಯೇ ಮುಂದೆ ನುಗ್ಗಿದರು. ಆತ ಮುಳ್ಳಪ್ಪನವರ ಕೈಯಲ್ಲಿ ಬರೆಸಿಕೊಂಡಿದ್ದ ಕಾಗದವನ್ನು ಎತ್ತಿ ತೋರಿಸುತ್ತಾ ಹಿಂದಕ್ಕೆ ಹಿಂದಕ್ಕೆ ಹೋಗಿ ಗುಂಪಿನಲ್ಲಿ ಕಾಣದಾದ.

ಚಿಕ್ಕಮ್ಮನ ಯಂತ್ರವೂ ಸರಿಯಾಗಿತ್ತು. ಚಿಕ್ಕಮ್ಮ ಗೆದ್ದವರಂತೆ ಸುತ್ತ ನೋಡಿದರು. “ಹಾಗಾದರೆ ನಾಲ್ಕು ಕೇಜಿ ನಂದೇ!”

“ಇದನ್ನ ಮನೆಯಲ್ಲಿ ಎಲ್ಲಿಟ್ಟು ನಿಲ್ತೀರಮ್ಮಾ?” ಎಂದು ಕೇಳಿದರು ಸಾಹೇಬರು.

“ಮೊದಲು ಬಚ್ಚಲ ಹತ್ತಿರ ಇಡ್ತಿದ್ದೆ. ಕಾಲು ತಣ್ಣಗಾಗುತ್ತೆ ಅಂತ ಈಗ ದಪ್ಪ ಜಮಖಾನದ ಮೇಲೆ.”

ಸಾಹೇಬರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. “ಮೆತ್ತನೆ ಜಾಗದಲ್ಲಿ ಇಟ್ಟರೆ ಕಡಿಮೆ ತೋರಿಸುತ್ತೆ. ನೆಲದ ಮೇಲಿಟ್ಟು ನೋಡಿ.” ಚಿಕ್ಕಮ್ಮ ನೋಡುವುದಿಲ್ಲ ಎಂದರು. ಮೂರು ದಿನದ ಬಿಸ್ಕತ್ತು ಬೇರೆ ಸೇರಿದೆ, ಈಗ ನೋಡುವುದು ನ್ಯಾಯವಲ್ಲ ಎಂದರು.

ಹದಿನಾರಕ್ಕೆ ಹದಿನಾರೂ ಸರಿ. ಜನರ ಮುಖ ಬಾಡಿತು. ಮೋಸ ಹೋಗಿದ್ದೇವೆ ಎಂದು ನಾಲ್ಕು ದಿನ ಸಂಭ್ರಮಪಟ್ಟವರಿಗೆ ಮೋಸವೇ ಆಗಿಲ್ಲ ಎಂದರೆ ಎಷ್ಟು ಬೇಸರವಾಗಬೇಡ?

“ಇನ್ನು ನೀವು,” ಎಂದು ಸಾಹೇಬರು ಮುಳ್ಳಪ್ಪನವರ ಕಡೆ ತಿರುಗಿದರು. ಒಂದು ತಕ್ಕಡಿಯ ಸ್ಕ್ರೂ ತಿರುಗಿಸಿ ಬೇಕೆಂದೇ ಕೆಡಿಸಿ ಮುಂದಿಟ್ಟರು. “ಸರಿಮಾಡಿ.”

ಮುಳ್ಳಪ್ಪನವರು ಸ್ಕ್ರೂಡ್ರೈವರು ಎತ್ತಿಕೊಂಡರು. ಮೊದಲನೆಯ ಸ್ಕ್ರೂ ಬಿಚ್ಚಿತು. ಎರಡನೆಯದು ಬಿಚ್ಚಿ, ಉರುಳಿ, ಮೆಟ್ಟಿಲಿಳಿದು, ಚರಂಡಿಗೆ ಬಿತ್ತು. ಮೂರನೆಯದನ್ನು ಬಿಚ್ಚಿದಾಗ ಒಳಗಿನ ಸ್ಪ್ರಿಂಗು ಹಾರಿ ಬಣ್ಣದ ಅಂಗಡಿಯವರ ಮಂದಹಾಸಕ್ಕೆ ತಗುಲಿತು. ಬೆವರು ಮೂಗಿನ ತುದಿಯಿಂದ ತಟ್ಟೆಗೆ ತೊಟ್ಟಿಕ್ಕಿತು. ಅವರು ಬಟ್ಟನ್ನು ಬೆರಳಲ್ಲಿ ಎತ್ತಿದರು. ಅಡ್ಡಗೋಡೆಯಾಚೆಯಿಂದ ಯಾರೋ ನಿಟ್ಟುಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು.

ಸಾಹೇಬರು ಬಿಚ್ಚಿದ್ದ ತಕ್ಕಡಿಯ ಒಳಗೆ ಬಗ್ಗಿ ನೋಡಿದರು. ಪಕ್ಕದ ಇನ್ನೊಂದನ್ನೂ ತೆಗೆದು ನೋಡಿದರು.

“ಪ್ರತಿಯೊಂದರ ಒಳಗೂ ಸರಿಮಾಡಿದ ಸ್ಕ್ರೂ ಅಲುಗಾಡದ ಹಾಗೆ ಒಂದು ತೊಟ್ಟು ಉಗುರು ಬಣ್ಣ ಹಾಕಿದೆ. ಕೆಂಪು ಬಣ್ಣ. ನಾನು ವರ್ಷಗಳಿಂದ ನೋಡ್ತಿದ್ದೀನಿ, ಬಹಳ ಅಚ್ಚುಕಟ್ಟಾದ ಕೈ.” ಅವರು ಮುಳ್ಳಪ್ಪನವರ ಉಗುರುಗಳನ್ನು ನೋಡಿದರು. ಊರೆಲ್ಲ ಮುಳ್ಳಪ್ಪನವರ ಉಗುರುಗಳನ್ನು ನೋಡಿತು. ಮುಳ್ಳಪ್ಪನವರು ಕೈಗಳನ್ನು ಜೇಬಿಗೆ ತೂರಿಸಿದರು.

“ಇದು ಯಾರ ಕೈ?”

ಹಲಗೆಯ ಬಾಗಿಲು ತೆರೆಯಿತು. ಅಕ್ಕ ಕೈ ಒರೆಸಿಕೊಳ್ಳುತ್ತಾ ಬಂದಳು. ತಮ್ಮನನ್ನು ಭುಜದಿಂದ ಪಕ್ಕಕ್ಕೆ ಸರಿಸಿ ಕೂತಳು, ಬೇರೆ ಸ್ಪ್ರಿಂಗು ಹಾಕಿದಳು, ಇಕ್ಕಳದಲ್ಲಿ ಬಟ್ಟು ಎತ್ತಿ ನಾಲ್ಕು ಮೂಲೆಗೂ ಇಟ್ಟು ನೋಡಿದಳು, ಕಾಲು ತಿರುವು ಸ್ಕ್ರೂ ತಿರುಗಿಸಿದಳು. ನಾಲ್ಕೇ ನಿಮಿಷ. ಸಾಹೇಬರು ಸರ್ಕಾರಿ ಬಟ್ಟು ಇಟ್ಟು ನೋಡಿ ತಲೆಯಾಡಿಸಿದರು.

“ಇವರು ಅಂಗಡಿಗೆ ಏನಾಗಬೇಕು?”

“ನಮ್ಮ ಅಕ್ಕ,” ಎಂದರು ಮುಳ್ಳಪ್ಪನವರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ಸ್ವಲ್ಪ ಸಹಾಯ ಮಾಡ್ತಾರೆ.”

“ಸ್ವಲ್ಪ!” ಎಂದಳು ತರಕಾರಿ ಯಜಮಾನತಿ. ಅವಳ ದನಿ ಗಾಡಿಯ ಮುಂದೆ ಕೂಗಿ ಕೂಗಿ ಪಳಗಿದ ದನಿ. “ನನಗೂ ಥ್ಯಾಂಕ್ಸ್ ಕಾಗದ ಬಂತು, ನನ್ನ ಪಕ್ಕದ ಈರುಳ್ಳಿಯವನಿಗೂ ಬಂತು. ಅಕ್ಕೋ, ನಿನಗೆ ಬಂತಾ?”

“ಇಲ್ಲ,” ಎಂದಳು ಅಕ್ಕ. “ಕವರಿಗೆ ಅಂಟು ಹಚ್ಚಿದ್ದು ಮಾತ್ರ ನಾನು.”

ಬೀದಿ ನಕ್ಕಿತು. ಚಿಕ್ಕಮ್ಮ ನಕ್ಕರು, ಬಾಗಿಲಲ್ಲಿ ನಿಂತಿದ್ದ ಹೆಂಡತಿಯೂ ನಕ್ಕಳು. ಸಾಹೇಬರು ಮಾತ್ರ ನಗದೆ ಫೈಲು ಬಿಚ್ಚಿ ನವೀಕರಣದ ಹಾಳೆ ತೆಗೆದರು. ಮುಳ್ಳಪ್ಪನವರ ನಿಜವಾದ ಹೆಸರಿದ್ದ ಜಾಗದಲ್ಲಿ ಒಂದು ಗೆರೆ ಎಳೆದು, “ಹೆಸರು ಹೇಳಿ ಅಮ್ಮಾ” ಎಂದರು. ಅಕ್ಕ ಹೇಳಿದಳು. ಸಹಿ ಹಾಕುವ ಮೊದಲು ಕೈಯನ್ನು ಇನ್ನೊಮ್ಮೆ ಒರೆಸಿಕೊಂಡಳು. ರಸೀತಿಗಳ ಮೇಲೆ ಯಾವತ್ತೂ ಹಾಕದ ಸಹಿ, ಸ್ವಲ್ಪ ಸೊಟ್ಟಗೆ ಬಂತು.

“ಅಂಗಡಿ ನಡೀಲಿ. ಉಳಿದ ಎಂಬತ್ತನ್ನೂ ನೀವೇ ನೋಡಿ, ನಿಮ್ಮ ಸಹಿಯಲ್ಲಿ ವಾಪಸ್ ಕೊಡಿ,” ಎಂದು ಸಾಹೇಬರು ಹೊರಟರು. ಜನರೂ ಚದುರಿದರು. ತಿರುಗುವ ಕುರ್ಚಿ ಖಾಲಿಯಿತ್ತು. ಅದರಲ್ಲಿ ಕೂರಬೇಕೋ ಬಾರದೋ ತಿಳಿಯದೆ ಮುಳ್ಳಪ್ಪನವರು ಅದರ ಪಕ್ಕದಲ್ಲೇ ಮಧ್ಯಾಹ್ನವೆಲ್ಲ ನಿಂತಿದ್ದರು. ಯಾವ ಕಡೆ ವಾಲೋಣವೆಂದರೂ ಅಂಗಡಿಯಲ್ಲಿ ಅಂದು ಯಾರದೂ ಜೋರು ದನಿ ಇರಲಿಲ್ಲ. ನಾಚಿಕೆ ಎನ್ನುವುದು ಹೀಗಿರುತ್ತದೆ ಎಂದು ಅವರಿಗೆ ಶಿಬಿರದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಸಂಜೆ ಐದಕ್ಕೆ ಅಡ್ಡಗೋಡೆಯಾಚೆ ಹೋಗಿ, ಮೋಟು ಮೇಜಿನ ಪಕ್ಕ ನೆಲದ ಮೇಲೆ ಕುಳಿತರು. ಅಕ್ಕ ಮೊದಲನೆಯ ತಕ್ಕಡಿ ಬಿಚ್ಚಿಕೊಂಡು ಕೂತಿದ್ದಳು.

“ಅಕ್ಕಾ, ತಪ್ಪಾಯ್ತು.”

“ಯಾವುದು?” ಎಂದಳು ಅಕ್ಕ, ತಲೆಯೆತ್ತದೆ.

“ಎಲ್ಲಾನೂ. ತಿಳಿದೋ ತಿಳಿ...”

“ಅದು ಬೇಡ. ಅದನ್ನ ಇನ್ನೂರ ಹನ್ನೆರಡು ಜನಕ್ಕೆ ಕಳಿಸಿದ್ದೀಯಲ್ಲ. ನನಗೆ ಒಂದು ಹೇಳು.”

ಮುಳ್ಳಪ್ಪನವರ ಕೈ ಎದೆಯ ಕಡೆಗೆ ಹೊರಟು ಅರ್ಧದಲ್ಲೇ ನಿಂತಿತು. ಆ ಕೈಯನ್ನು ಮೊಣಕಾಲ ಮೇಲಿಟ್ಟು ಹೇಳಿದರು. “ಅಪ್ಪ ತೀರಿಕೊಂಡ ವರ್ಷ ಲೈಸೆನ್ಸಿಗೆ ಅರ್ಜಿ ತುಂಬುವಾಗ, ಕೆಲಸ ಬಲ್ಲವರು ಯಾರು ಅಂತ ಕೇಳಿದ್ದ ಕಡೆ ನನ್ನ ಹೆಸರು ಬರೆದೆ. ನೀನು ಪಕ್ಕದಲ್ಲೇ ನಿಂತಿದ್ದೆ.”

ಅಕ್ಕ ಸ್ಕ್ರೂ ಬಿಗಿ ಮಾಡಿದಳು. ಸೀಸೆಯ ಮುಚ್ಚಳ ತೆಗೆದು ಅದರ ಮೇಲೆ ಒಂದು ತೊಟ್ಟು ಕೆಂಪು ಬಣ್ಣ ಇಟ್ಟಳು. ಆರುವವರೆಗೆ ಕಾದು, ಆ ತಕ್ಕಡಿಯನ್ನು ಬಲಗಡೆಗೆ ಸರಿಸಿ, ಎಡಗಡೆಯ ರಾಶಿಯಿಂದ ಇನ್ನೊಂದನ್ನು ಎಳೆದುಕೊಂಡಳು.

“ಹ್ಞೂ, ಅದೊಂದು,” ಎಂದಳು. “ಮುಂದಿನದು ಹೇಳು. ಇನ್ನೂ ಎಪ್ಪತ್ತೊಂಬತ್ತು ಇವೆ.”